ಕರೆದವರ ಹೊಣೆ

ಕೋಶ ಓದು, ದೇಶ ಸುತ್ತು ಎಂಬುದು ನಮ್ಮ ಹಿರಿಯರು ಹೇಳಿದ ಮಾತು. ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ ನಾಲ್ಕು ಊರಿನ ನೀರು ಕುಡಿಯಬೇಕು ಎಂಬುದು ಅವರ ಅಭಿಪ್ರಾಯವಾಗಿದ್ದಿರಬೇಕು. ಈಗ ಮಾತು ಹಾಗೆಯೇ ಉಳಿದು ಉದ್ದೇಶ ಮಾತ್ರ ಬದಲಾಗಿದೆ. ದೇಶ ಬಿಡುವುದಕ್ಕಾಗಿಯೇ ಕೋಶ ಓದುವವರು ಮನೆಗೊಬ್ಬರಂತೆ ದೊರೆಯುತ್ತಾರೆ. ಯಾವ ಬಂಧುಗಳ ಮನೆಗೆ ಹೋದರೂ ಕಾಫಿಯ ಲೋಟ ಕೈಗೆ ಬರುವ ಮೊದಲೇ ಸುದ್ದಿ ಬರುತ್ತದೆ: "ನಮ್ಮ ಹುಡುಗನಿಗೆ ಸ್ಪಾನ್ಸರ್ ಸಿಕ್ಕಿತು!" ಹಿಂದೆ ಮಗಳಿಗೆ ವರ ಗೊತ್ತಾದಾಗ ತಾಯಂದಿರ ಮುಖದಲ್ಲಿ ಕಾಣುತ್ತಿದ್ದ ನೆಮ್ಮದಿಯೇ ಈ ಮಾತನ್ನು ಹೇಳುವಾಗಲೂ ಕಾಣುತ್ತದೆ. ಹೋಲಿಕೆ ಅಷ್ಟೇನೂ ಅಸಂಗತವಲ್ಲ. ಅಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಮಗುವನ್ನು ಕರೆದುಕೊಳ್ಳುತ್ತಾರೆ, ಇಲ್ಲಿಯೂ ಅಷ್ಟೆ. ಬಂದವರನ್ನು ಹೇಗೆ ನೋಡಿಕೊಳ್ಳುವರೆಂಬುದು ಕರೆದವರ ಮನಸ್ಸಿಗೆ ಬಿಟ್ಟದ್ದು, ಅದೂ ಅಷ್ಟೆ.

ಕನ್ನಡ ಮೇಷ್ಟರಾದವರಿಗೆ ಯಾವ ಶಬ್ದ ಕಿವಿಗೆ ಬಿದ್ದರೂ ಅದರ ಬೇರು ಕೆದಕುವ ಚಾಪಲ್ಯ. ಸ್ಪಾನ್ಸರ್ ಎಂಬ ಮಾತಿನ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಮಾತು ಕೊಡುವವನು, ಮತ್ತೊಬ್ಬನ ಪರವಾಗಿ ಹೊಣೆ ನಿಲ್ಲುವವನು ಎಂದು ಅರ್ಥ. ಅರಬ್ಬೀ ದೇಶಗಳಿಗೆ ದುಡಿಯಲು ಹೋಗುವ ನಮ್ಮ ಜನ 'ಕಫೀಲ' ಎಂದು ಕರೆಯುವುದೂ ಅಂಥವನನ್ನೇ. ಅದರ ಅರ್ಥವೂ ಹೊಣೆಗಾರನೆಂದೇ. ನಮ್ಮ ಕನ್ನಡದಲ್ಲಂತೂ ಹೊಣೆ ಎಂಬ ಎರಡಕ್ಷರದ ತೂಕದ ಮಾತೇ ಇದೆ. ಮೂರು ಭಾಷೆಗಳೂ ಒಪ್ಪಿರುವ ಸಂಗತಿ ಇದು: ಪರಸ್ಥಳದಿಂದ ಒಬ್ಬನನ್ನು ಕೆಲಸಕ್ಕೆ ಕರೆಸಿಕೊಳ್ಳುವುದೆಂದರೆ ಬರಿಯ ಕೂಲಿಯ ವ್ಯವಹಾರವಲ್ಲ, ಅವನ ಮಟ್ಟಿಗೆ ಮಾತು ಕೊಟ್ಟಂತೆ.

ಈ ಮಾತನ್ನು ಕಾನೂನಿನ ಕಾಗದದ ಮೇಲೆ ಇಳಿಸಲು ಕೆಲವು ದೇಶಗಳು ಯತ್ನಿಸಿವೆ. ಆಸ್ಟ್ರೇಲಿಯದ ಉದಾಹರಣೆ ನಮ್ಮ ಎಷ್ಟೋ ಮನೆಗಳಿಗೆ ಪರಿಚಿತವಾದದ್ದು. ಆ ದೇಶದ ದೊಡ್ಡ ನಗರಗಳಲ್ಲಿ ಜನ ಕಿಕ್ಕಿರಿದಿದ್ದರೆ ಒಳನಾಡಿನ ಪಟ್ಟಣಗಳಲ್ಲಿ ದಾದಿಯರಿಲ್ಲ, ಅಡಿಗೆಯವರಿಲ್ಲ, ಯಂತ್ರ ರಿಪೇರಿ ಮಾಡುವವರಿಲ್ಲ. ಆದುದರಿಂದ 2019ರ ನವೆಂಬರಿನಲ್ಲಿ ಅವರು ಒಂದು ಏರ್ಪಾಡು ಮಾಡಿದರು. ಒಳನಾಡಿನ ಮಾಲೀಕನೊಬ್ಬ ತನ್ನ ಕೆಲಸಕ್ಕೆ ಸ್ಥಳೀಯರು ದೊರೆಯಲಿಲ್ಲವೆಂದು ತೋರಿಸಿಕೊಟ್ಟರೆ ಹೊರದೇಶದ ಕುಶಲ ಕೆಲಸಗಾರನನ್ನು ಐದು ವರ್ಷದ ಮಟ್ಟಿಗೆ ಕರೆಸಿಕೊಳ್ಳಬಹುದು. ಸ್ಥಳೀಯನಿಗೆ ಕೊಡುವಷ್ಟೇ ಸಂಬಳವನ್ನು ಅವನಿಗೂ ಕೊಡಬೇಕು. ಬಂದವನು ಮೂರು ವರ್ಷ ಅಂಥ ಪ್ರದೇಶದಲ್ಲಿ ನೆಲಸಿ ನಿಯಮದಂತೆ ದುಡಿದರೆ ಅಲ್ಲಿಯೇ ಶಾಶ್ವತವಾಗಿ ಉಳಿಯಲು ಅರ್ಜಿ ಹಾಕಿಕೊಳ್ಳಬಹುದು. ಇದರಲ್ಲಿ ದೋಷವಿಲ್ಲವೆಂದಲ್ಲ. ಕರೆದ ಮಾಲೀಕನೊಡನೆ ಮನಸ್ತಾಪವಾದರೆ ಬಂದವನ ಪಾಡು ತ್ರಿಶಂಕುವಿನದು. ಬೇರೊಬ್ಬ ಹೊಣೆಗಾರನನ್ನು ಹುಡುಕಿಕೊಳ್ಳಲು ಮೊದಲು ಅಲ್ಪ ಅವಧಿಯಿದ್ದಿತು. ದೂರುಗಳು ಹೆಚ್ಚಿದ ಮೇಲೆ 2024ರ ಜುಲೈ 1ರಿಂದ ಅದನ್ನು 180 ದಿನಗಳಿಗೆ ಏರಿಸಿದರು. ಕತಾರ್ ದೇಶವಂತೂ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಬಾರದೆಂಬ ನಿಯಮವನ್ನು 2020ರಲ್ಲಿ ಕೈಬಿಟ್ಟಿತು. ಹೊಣೆ ಎಂಬುದು ಹಿಡಿತವಾಗಿ ಮಾರ್ಪಡುವುದಕ್ಕೆ ಹೆಚ್ಚು ಕಾಲ ಬೇಕಿಲ್ಲವೆಂಬುದನ್ನು ಆ ದೇಶಗಳು ಅನುಭವದಿಂದ ಕಲಿಯುತ್ತಿವೆ.

ಇದೆಲ್ಲ ಹೊಸ ಕಾಲದ, ಹೊರದೇಶದ ವಿಚಾರವೆಂದು ವಾಚಕರು ಭಾವಿಸಬಾರದು. ಕರ್ನಾಟಕದ ನೆತ್ತಿಯ ಮೇಲೆ, ಮಹಾರಾಷ್ಟ್ರ ತೆಲಂಗಾಣಗಳು ಕೂಡುವ ಮೂಲೆಯಲ್ಲಿ, ಔರಾದ ಎಂಬ ಊರಿದೆ. ಬೀದರ ಜಿಲ್ಲೆಯ ತಾಲ್ಲೂಕು, ಅಮರೇಶ್ವರನ ಊರು. ಬೆಂಗಳೂರು ಇಲ್ಲಿಗೆ ಹೆಚ್ಚುಕಡಮೆ ಏಳುನೂರು ಕಿಲೋಮೀಟರು. ಹೈದರಾಬಾದು ಅದರ ಮೂರರಲ್ಲೊಂದು ಭಾಗವೂ ಅಲ್ಲ. ಇಲ್ಲಿ ಕುಳಿತು ಕನ್ನಡ ಪಾಠ ಹೇಳುವ ನನಗೆ, ಜಗತ್ತು ಈಗ ಕಲಿಯುತ್ತಿರುವ ಪಾಠವನ್ನು ನಮ್ಮ ಜಿಲ್ಲೆ ಐನೂರು ವರ್ಷಗಳ ಹಿಂದೆಯೇ ಕಲಿತು, ಅರ್ಧ ನೆನಪಿಟ್ಟು, ಅರ್ಧ ಮರೆತಿದೆ ಎಂದು ತೋರುತ್ತದೆ.

ಐನೂರಕ್ಕೂ ಹಿಂದಿನ ಮಾತು ಬೇಕೆಂದರೆ ಅದೂ ಇದೆ. ಇದೇ ಜಿಲ್ಲೆಯ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ 11ನೆಯ ಶತಮಾನದಲ್ಲಿ ಕಾಶ್ಮೀರದ ಬಿಲ್ಹಣನೆಂಬ ಪಂಡಿತ ಊರು ಬಿಟ್ಟು ಹೊರಟ. ಮಥುರೆ, ಕನೌಜ, ಪ್ರಯಾಗ, ಕಾಶಿ ಎಂದು ಸುತ್ತಿದ. ಕೊನೆಗೆ ಅವನನ್ನು ನೆಲೆಗೊಳಿಸಿದ್ದು ಕಲ್ಯಾಣದ ಆರನೆಯ ವಿಕ್ರಮಾದಿತ್ಯ. ವಿದ್ಯಾಪತಿ ಎಂಬ ಪದವಿ ಕೊಟ್ಟ. ಪಂಡಿತ ಅರಸನ ಚರಿತೆಯನ್ನು ಕಾವ್ಯವಾಗಿ ಬರೆದು ಆ ಋಣ ತೀರಿಸಿದ. ಮುಂದಿನ ಶತಮಾನದಲ್ಲಿ ಅದೇ ಕಲ್ಯಾಣಕ್ಕೆ ಶರಣರು ನಾನಾ ದಿಕ್ಕುಗಳಿಂದ ಬಂದರು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದು ಇಲ್ಲಿಗೆ ಬಂದು ಸೌದೆ ಹೊತ್ತು ಬದುಕಿದನೆಂದು ಶರಣ ಸಂಪ್ರದಾಯ ಹೇಳುತ್ತದೆ. ಬಂದವನು ಯಾವ ಊರಿನವನೆಂದು ಕಲ್ಯಾಣ ಕೇಳಲಿಲ್ಲ. ಯಾವ ಕಾಯಕ ಮಾಡುವೆ ಎಂದು ಕೇಳಿತು.

ಆದರೆ ಇವರು ತಾವಾಗಿ ಬಂದವರು. ಬೇಕೆಂದೇ, ದೊಡ್ಡ ಪ್ರಮಾಣದಲ್ಲಿ, ಸಮುದ್ರದಾಚೆಯಿಂದ ಕುಶಲರನ್ನು ಕರೆಸಿಕೊಂಡವರು ಬಹಮನೀ ಸುಲ್ತಾನರು. 15ನೆಯ ಶತಮಾನದ ಮೂರನೆಯ ದಶಕದಲ್ಲಿ ಅಹಮದ್ ಷಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಎತ್ತರದ ಪ್ರಸ್ಥಭೂಮಿ, ಒಳ್ಳೆಯ ಹವೆ. ಕೋಟೆ ಕಟ್ಟುವುದಕ್ಕೆ ಕಲ್ಲಿದ್ದಿತು, ಕೂಲಿಯವರಿದ್ದರು. ಆದರೆ ರಾಜಧಾನಿಯೊಂದಕ್ಕೆ ಬೇಕಾದ ಹಲವು ವಿದ್ಯೆಗಳು ಊರಿನಲ್ಲಿರಲಿಲ್ಲ. ಇರಾನಿನ ಕಡೆಗೆ ಓಲೆಗಳು ಹೋದವು. ದಾಭೋಳ, ಚೌಲ, ಗೋವೆಗಳ ಬಂದರಿನಲ್ಲಿಳಿದು ಘಟ್ಟ ಹತ್ತಿ ಬಂದವರಲ್ಲಿ ಸೈನಿಕರಿದ್ದರು, ವಿದ್ವಾಂಸರಿದ್ದರು, ಸೂಫಿಗಳಿದ್ದರು, ಲಿಪಿಕಾರರಿದ್ದರು, ಚಿತ್ರಗಾರರಿದ್ದರು, ನೆಲದೊಳಗಿನ ನೀರನ್ನು ಬಲ್ಲವರಿದ್ದರು. ಇವರಿಗೆ ಆಫಾಕಿಗಳೆಂದು ಹೆಸರು; ದಿಗಂತದಾಚೆಯಿಂದ ಬಂದವರು ಎಂದರ್ಥ. 'ಗರೀಬ'ರೆಂದೂ ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಗರೀಬನೆಂದರೆ ಅಪರಿಚಿತ. ನಮ್ಮ ಆಡುಮಾತಿಗೆ ಬಂದಾಗ ಅವನು ಬಡವನಾದ. ನಮ್ಮ 'ಪರದೇಶಿ'ಯ ಕಥೆಯೂ ಇದೇ ಅಲ್ಲವೆ? ಬೇರೆ ದೇಶದವನೂ ಪರದೇಶಿ, ದಿಕ್ಕಿಲ್ಲದವನೂ ಪರದೇಶಿ. ಹೊಣೆಗಾರನಿಲ್ಲದ ಊರಿನಲ್ಲಿ ಎರಡಕ್ಕೂ ಭೇದವಿಲ್ಲವೆಂದು ನಮ್ಮ ಭಾಷೆಗೆ ಚೆನ್ನಾಗಿ ಗೊತ್ತಿದೆ.

ಈ ಮಾತಿಗೆ ಸಾಕ್ಷಿಯಾಗಿ ಆ ಕಾಲದ ಒಬ್ಬ ರಷ್ಯನ್ ವ್ಯಾಪಾರಿಯೇ ಇದ್ದಾನೆ. ಅಫನಾಸಿ ನಿಕಿತಿನ್ ಎಂಬವನು 1470ರ ಆಸುಪಾಸಿನಲ್ಲಿ ಒಂದು ಕುದುರೆಯನ್ನು ಮಾರಲೆಂದು ತಂದ. ಜುನ್ನರಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕುದುರೆಯ ಜೊತೆಗೆ ಹೊನ್ನನ್ನೂ ಕೊಡುವೆನೆಂದು ನಾಲ್ಕು ದಿನದ ಗಡುವು ವಿಧಿಸಿದ. ಅಷ್ಟರಲ್ಲಿ ಖುರಾಸಾನಿನ ಗೃಹಸ್ಥನೊಬ್ಬ ಅವನ ಪರವಾಗಿ ನಾಲ್ಕು ಮಾತಾಡಿದ; ಕುದುರೆಯೂ ಮರಳಿತು, ಮತವೂ ಉಳಿಯಿತು. ಆ ಕುದುರೆಯನ್ನು ಅವನು ಬೀದರಿನಲ್ಲಿ ಮಾರಿ ಇಲ್ಲಿಯ ವೈಭವವನ್ನು ಬರೆದಿಟ್ಟ. ಸರದಾರರ ಸಿರಿಯನ್ನು ಬಣ್ಣಿಸಿದ ಅವನೇ ಹಳ್ಳಿಯ ಜನ ತೀರ ಬಡವರೆಂದೂ ಬರೆದಿದ್ದಾನೆ. ಈ ಎರಡನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಹೀಗೆ ಬಂದ ವಿದ್ಯೆಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ಮೂರರ ಗತಿಯೂ ಬೇರೆಬೇರೆಯಾದುದರಿಂದ ಹೋಲಿಸುವುದಕ್ಕೆ ಅನುಕೂಲ.

ಮೊದಲನೆಯದು ನೀರಿನ ವಿದ್ಯೆ. ಬೀದರಿನ ನೆಲ ಮೇಲೆ ಜಂಬಿಟ್ಟಿಗೆ, ಕೆಳಗೆ ಕರಿಕಲ್ಲು. ಮಳೆಯ ನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ಎತ್ತುವ ಬದಲು ಹರಿಸಿಕೊಂಡು ಬರುವ ಉಪಾಯವೇ ಕರೇಜ್. ನಮ್ಮವರು ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಎತ್ತರದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ನೆಲದೊಳಗೇ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು, ಗಾಳಿಗೂ ಮಣ್ಣು ಹೊರಹಾಕುವುದಕ್ಕೂ ನಡುನಡುವೆ ನೆಟ್ಟನೆಯ ಬಾವಿಗಳನ್ನಿಳಿಸಬೇಕು. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನು ಕೊರೆದು ಕೆಡಿಸುತ್ತದೆ. ಕಡಮೆಯಾದರೆ ಮುಂದೆ ಹೋಗುವುದೇ ಇಲ್ಲ. ಕತ್ತಲೆಯಲ್ಲಿ, ಎಣ್ಣೆಯ ದೀಪದ ಬೆಳಕಿನಲ್ಲಿ, ಈ ಲೆಕ್ಕವನ್ನು ಕೂದಲೆಳೆ ತಪ್ಪದಂತೆ ಇಡಬಲ್ಲವರು ಇರಾನಿನ ಮುಕನ್ನಿಗಳೆಂಬ ಕಸುಬುದಾರರು. ನೌಬಾದಿನ ಬಳಿ ಇರುವ ಕರೇಜ್ ಒಂದು ಕಿಲೋಮೀಟರಿಗೂ ಮಿಕ್ಕಿ ನೆಲದೊಳಗೆ ನಡೆದಿದೆ. ಬಿಸಿಲಿಗೆ ಆರದ, ಎತ್ತಿಗೂ ಏತಕ್ಕೂ ಕಾಯದ ನೀರು!

ಆದರೆ ಈ ವಿದ್ಯೆ ನೆಲದೊಳಗೇ ಉಳಿಯಿತು. ಸುರಂಗದೊಳಗಿನ ಹೂಳನ್ನು ಕಾಲಕಾಲಕ್ಕೆ ತೆಗೆಯುವ ಕೈಗಳು ಇಲ್ಲವಾದಾಗ ನೀರು ನಿಂತಿತು. ಬಾವಿಗಳ ಬಾಯಿಗೆ ಊರಿನ ಕಸ ಬಿದ್ದಿತು. ಅವು ಏನೆಂಬುದೇ ಜನಕ್ಕೆ ಮರೆತುಹೋಯಿತು. 2010ರ ದಶಕದಲ್ಲಿ ಹೂಳು ತೆಗೆಯುವ ಕೆಲಸ ಆರಂಭವಾದಾಗ ನಾವು ನಮ್ಮದೇ ಊರಿನ ನೀರನ್ನು ಹೊಸದಾಗಿ ಕಂಡುಹಿಡಿದೆವು! ದಖ್ಖನದ ಈ ಪುರಾತನ ಜಲವ್ಯವಸ್ಥೆಗಳು 2020ರಲ್ಲಿ ವಿಶ್ವ ಸ್ಮಾರಕ ನಿಧಿಯವರ ಕಾವಲು ಪಟ್ಟಿಯಲ್ಲಿಯೂ ಸೇರಿದುವು.

ಎರಡನೆಯದು ಬಣ್ಣದ ಬಿಲ್ಲೆಗಳ ವಿದ್ಯೆ. ಬೀದರಿಗೆ ಬಂದವರೆಲ್ಲ ಮಹಮೂದ್ ಗವಾನನ ಮದರಸಾದ ಮುಂದೆ ನಿಂತು ತಲೆಯೆತ್ತಿ ನೋಡುತ್ತಾರೆ. 1472ರಲ್ಲಿ ಪೂರ್ಣಗೊಂಡ ಮೂರು ಅಂತಸ್ತಿನ ವಿದ್ಯಾಲಯ. ನೀಲಿ, ಹಸಿರು, ಹಳದಿ, ಬಿಳಿಯ ಮೆರುಗಿನ ಬಿಲ್ಲೆಗಳು ಒಂದು ಕಾಲಕ್ಕೆ ಅದರ ಮುಖವನ್ನೆಲ್ಲ ಮುಚ್ಚಿದ್ದುವು. 17ನೆಯ ಶತಮಾನದ ಕೊನೆಯಲ್ಲಿ, ಮೊಗಲರ ಆಳ್ವಿಕೆಯಲ್ಲಿ, ಒಳಗಿಟ್ಟಿದ್ದ ಸಿಡಿಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಉಳಿದ ಕಡೆ ಬಿಲ್ಲೆಗಳು ಒಂದೊಂದಾಗಿ ಉದುರಿದುವು. ಉದುರಿದ ಬಿಲ್ಲೆಯ ಜಾಗದಲ್ಲಿ ಹೊಸದೊಂದನ್ನು ಮಾಡಿ ಕೂಡಿಸಬಲ್ಲ ಮನೆತನ ಬೀದರಿನಲ್ಲಿ ಉಳಿಯಲಿಲ್ಲ. ಕಟ್ಟಡ ಬಂದಿತು, ಕಸುಬು ನೆಲೆಸಲಿಲ್ಲ.

ಮೂರನೆಯದು ಬಿದರಿ. ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರನೆಂಬ ಕುಶಲಿ ಇದನ್ನು ಇಲ್ಲಿ ಕಲಿಸಿದನೆಂದು ಕಸುಬುದಾರರ ನಂಬಿಕೆ. ಒಂದು ಭಾಗ ತಾಮ್ರಕ್ಕೆ ಹದಿನಾರರಷ್ಟು ಸತುವನ್ನು ಸೇರಿಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯಮಾಡಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಬಳ್ಳಿ ಹೂವುಗಳನ್ನು ಚಾಣದಿಂದ ಕೊರೆಯುತ್ತಾರೆ. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ತಟ್ಟಿ ಕೂಡಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಲೇಪಿಸುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಈ ಗುಣ ಬಿಸಿಲು ಮಳೆ ಕಾಣದ ಕೋಟೆಯ ಮಣ್ಣಿಗೇ ಉಂಟೆಂದು, ಮಣ್ಣನ್ನು ನಾಲಗೆಯ ಮೇಲಿಟ್ಟು ಪರೀಕ್ಷಿಸುವ ಹಿರಿಯರು ಹೇಳುತ್ತಾರೆ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಈ ಕಲೆಗಾಗಿ ಪದ್ಮಶ್ರೀ ಬಂದಿತು.

ಮೂರೂ ಒಂದೇ ದಿಕ್ಕಿನಿಂದ ಬಂದುವು. ಒಂದು ಮರೆತುಹೋಯಿತು, ಒಂದು ಉದುರಿಹೋಯಿತು, ಒಂದು ಊರಿನ ಹೆಸರನ್ನೇ ತನ್ನ ಹೆಸರಾಗಿ ಮಾಡಿಕೊಂಡು ಐನೂರು ವರ್ಷ ಬದುಕಿತು. ಇದಕ್ಕೆ ಕಾರಣ ಹಲವಿರಬಹುದು. ನನಗೆ ಮುಖ್ಯವೆಂದು ತೋರುವುದು ಇಷ್ಟೆ. ಬಿದರಿ ಇಲ್ಲಿಯ ಮಣ್ಣನ್ನು ಬೇಡಿತು, ಇಲ್ಲಿಯ ಹುಡುಗರನ್ನು ಶಿಷ್ಯರನ್ನಾಗಿ ತೆಗೆದುಕೊಂಡಿತು, ಅರಮನೆ ಅಳಿದ ಮೇಲೆಯೂ ಕೊಳ್ಳುವವರ ಮನೆಗಳನ್ನು ಹುಡುಕಿಕೊಂಡಿತು. ಬಂದವನ ಕೈಯಿಂದ ಇದ್ದವನ ಕೈಗೆ ದಾಟಿದ ವಿದ್ಯೆ ಉಳಿಯಿತು.

ವಿದ್ಯೆಯ ಮಾತು ಇದಾಯಿತು. ಮನುಷ್ಯರ ಮಾತು ಇನ್ನೂ ಕಠಿಣ. ಕ್ಯಾಸ್ಪಿಯನ್ ಸಮುದ್ರದ ತೀರದ ಗೀಲಾನ್ ಪ್ರಾಂತದಿಂದ 1453ರಲ್ಲಿ ದಾಭೋಳದಲ್ಲಿ ಬಂದಿಳಿದ ವರ್ತಕ ಮಹಮೂದ್ ಗವಾನ್. ವ್ಯಾಪಾರಕ್ಕೆ ಬಂದವನು ಬೀದರಿನಲ್ಲಿ ನಿಂತ; ನಿಂತವನು ರಾಜ್ಯದ ಪ್ರಧಾನಿಯಾದ. ತಾನು ಕರೆಸಿಕೊಂಡವರಲ್ಲಿ ಒಬ್ಬನಾಗಿದ್ದು ತಾನೇ ಕರೆಯುವವನಾದ. ಹೆರಾತಿನ ಮಹಾಕವಿ ಜಾಮಿಗೂ ಅವನ ಆಮಂತ್ರಣ ಹೋಗಿತ್ತು. ಕವಿ ಬರಲಿಲ್ಲ, ಸ್ನೇಹದ ಪತ್ರಗಳು ಬಂದುವು. ಮದರಸಾದ ಗ್ರಂಥಾಲಯದಲ್ಲಿ ಮೂರು ಸಾವಿರ ಗ್ರಂಥಗಳಿದ್ದುವೆಂದು ಹೇಳಿಕೆ.

ಆದರೆ ಅರಮನೆಯೊಳಗೆ ಆಗಲೇ ಎರಡು ಪಂಗಡಗಳು ಬೆಳೆದಿದ್ದುವು. ಹಿಂದಿನಿಂದ ಇಲ್ಲಿದ್ದ ದಖನಿಗಳಿಗೆ, ನಿನ್ನೆ ಹಡಗಿನಿಂದಿಳಿದವರು ಇಂದು ಜಹಗೀರು ಪಡೆಯುತ್ತಾರಲ್ಲ ಎಂಬ ಸಂಕಟ. ಆಫಾಕಿಗಳಿಗೆ, ನಮ್ಮ ಕೈಚಳಕ ಬೇಕು, ನಾವು ಬೇಡ ಎನ್ನುತ್ತಾರಲ್ಲ ಎಂಬ ಕೊರಗು. ಆ ಶತಮಾನದ ನಡುವಿನಲ್ಲಿ ಚಾಕಣದ ಕೋಟೆಯಲ್ಲಿ ಪರದೇಶಿ ಸೈನಿಕರ ದೊಡ್ಡ ಕಗ್ಗೊಲೆಯೇ ನಡೆದುಹೋಯಿತು. ಗವಾನ್ ಇದನ್ನು ಬಲ್ಲವನು. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ, ಅಧಿಕಾರವನ್ನು ಇಬ್ಬರಿಗೂ ಸಮನಾಗಿ ಹಂಚಿ, ತಕ್ಕಡಿಯನ್ನು ನೇರವಾಗಿ ಹಿಡಿಯಲು ಹೆಣಗಿದ. ಅವನ ವಿರೋಧಿಗಳು ಮುದ್ರೆಯನ್ನು ಕಾಯುವವನನ್ನೇ ಒಳಗೆ ಹಾಕಿಕೊಂಡು, ಒರಿಸ್ಸಾದ ಅರಸನಿಗೆ ಗವಾನ್ ಬರೆದನೆಂಬ ಸುಳ್ಳು ಪತ್ರವೊಂದನ್ನು ಸೃಷ್ಟಿಸಿದರು. ಕುಡಿದಿದ್ದ ಸುಲ್ತಾನ ವಿಚಾರಿಸಲಿಲ್ಲ. 1481ರ ಏಪ್ರಿಲಿನಲ್ಲಿ ಕೊಂಡಪಲ್ಲಿಯ ಶಿಬಿರದಲ್ಲಿ ಆ ವೃದ್ಧನ ತಲೆ ಉರುಳಿತು. ಮರುವರ್ಷವೇ ಸುಲ್ತಾನನೂ ಸತ್ತ. ಮುಂದೆ ಒಂದು ರಾಜ್ಯ ಐದಾಯಿತು.

ತರಗತಿಯಲ್ಲಿ ಈ ಕಥೆ ಬಂದಾಗ ಹುಡುಗರಿಗೆ ಸುಳ್ಳು ಪತ್ರದ ಭಾಗವೇ ಇಷ್ಟ. ನನಗೆ ನಿಕಿತಿನ್ ಕಂಡ ಬಡ ಹಳ್ಳಿಗರ ನೆನಪು. ದಖನಿ ಆಫಾಕಿಗಳ ಜಗಳ ಮೇಲಂತಸ್ತಿನ ಜಗಳ. ಜಹಗೀರು ಯಾರಿಗೆ ಎಂಬ ಜಗಳ. ಜೋಳ ಬಿತ್ತುವವನಿಗೆ ಈ ಕುಶಲರ ಆಗಮನದಿಂದ ಏನು ಬಂದಿತೆಂದು ಇಬ್ಬರೂ ಕೇಳಲಿಲ್ಲ. ಹೊರಗಿನವರನ್ನು ಕರೆಸುವುದರ ಫಲ ಊರಿಗೆಲ್ಲ ಮುಟ್ಟದಿದ್ದರೆ, ಊರು ಆ ಹೊರಗಿನವರ ಕಷ್ಟಕಾಲದಲ್ಲಿ ಎದ್ದು ನಿಲ್ಲುವುದಿಲ್ಲ. ಗವಾನನಿಗಾಗಿ ಬೀದರು ಎದ್ದು ನಿಲ್ಲಲಿಲ್ಲ.

ಇನ್ನು ಇಂದಿನ ಔರಾದಿಗೆ ಬರೋಣ. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಹೋಳಾಗಿ, ಉದಗೀರ ನಿಲಂಗಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ ನಾರಾಯಣಖೇಡಗಳು ಆಂಧ್ರಕ್ಕೂ ಹೋದುವು. ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದುವು. ಬಂದ ನೆಲ ಎಲ್ಲಕ್ಕೂ ತುದಿಯಾಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಔರಾದ ಅದರಲ್ಲಿ ಸೇರಿತು.

ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ಕೆಲಸ ಬಲ್ಲವರು ಊರು ಬಿಟ್ಟು ಹೋಗುತ್ತಾರೆ. ಕೆಲಸ ಬಲ್ಲವರು ಬೇಕೆಂದು ಊರು ಕಾಯುತ್ತದೆ. ತಾಂಡಾಗಳ ಗಂಡಸರು ಹೆಂಗಸರು ಹೈದರಾಬಾದು, ಪುಣೆ, ಮುಂಬಯಿಗಳ ಕಟ್ಟಡಗಳಲ್ಲಿ ದುಡಿಯುತ್ತಾರೆ. ವಿದ್ಯುತ್ ಕೆಲಸ ಕಲಿತ ವಿದ್ಯಾರ್ಥಿಯೊಬ್ಬ ಹೈದರಾಬಾದಿಗೆ ಹೊರಟು ನನ್ನನ್ನು ಕಾಣಲು ಬಂದಿದ್ದ. "ಊರಾಗೇ ಕೆಲಸ ಇಲ್ಲೇನಪ್ಪ?" ಎಂದೆ. "ಕೆಲಸ ಭಾಳ ಅದ ಸರ್, ಪಗಾರ ಇಲ್ಲ" ಎಂದ. ಅರ್ಥಶಾಸ್ತ್ರದ ದೊಡ್ಡ ಪುಸ್ತಕಗಳು ಹೇಳುವುದನ್ನು ಹುಡುಗ ನಾಲ್ಕು ಮಾತಿನಲ್ಲಿ ಮುಗಿಸಿದ. ಕೆಲಸಗಾರರ ಕೊರತೆ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಎಷ್ಟೋ ಸಲ ಸಂಬಳದ ಕೊರತೆ. ಆದುದರಿಂದ ಹೊರಗಿನವನನ್ನು ಕರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇದ್ದವನಿಗೆ ಕೊಡಬೇಕಾದುದನ್ನು ಕೊಟ್ಟೆವೆ?

ಅದೇ ಹೊತ್ತಿಗೆ ಬೀದರ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಹಂಗಾಮಿನಲ್ಲಿ ಮರಾಠವಾಡದ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳು ಬರುತ್ತವೆ. ಗಂಡ ಹೆಂಡಿರ ಜೋಡಿಗೆ ಒಂದು 'ಕೊಯ್ತಾ' ಎಂದು ಲೆಕ್ಕ. ಮುಕಾದಮನು ಮೊದಲೇ 'ಉಚಲ್' ಎಂಬ ಮುಂಗಡ ಕೊಟ್ಟಿರುತ್ತಾನೆ. ಆ ಸಾಲ ತೀರುವ ತನಕ ಕೈಯಲ್ಲಿ 'ಕೊಯ್ತಾ' ಹಿಡಿದಿರಬೇಕು. ಇವರೂ ಕರೆಸಿಕೊಂಡ ಕುಶಲರೇ. ಕಬ್ಬನ್ನು ನೆಲಮಟ್ಟಕ್ಕೆ, ರಸ ಕೆಡದಂತೆ, ಇಳಿವೇಗದಲ್ಲಿ ಕಡಿಯುವುದು ಸಾಮಾನ್ಯರ ಕೈಯ ಕೆಲಸವಲ್ಲ. ಆದರೆ ಇವರ ಪಾಲಿಗೆ ಹೊಣೆ ಎಂದರೆ ಸಾಲ. ಒರಿಸ್ಸಾದ 'ದಾದನ್' ಕೂಲಿಗಳ ಗೋಳನ್ನು ಕಂಡು ನಮ್ಮ ಸಂಸತ್ತು 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಮಾಡಿತ್ತು. ಗುತ್ತಿಗೆದಾರನಿಗೆ ಲೈಸೆನ್ಸು, ಕೂಲಿಯವನಿಗೆ ಪ್ರಯಾಣದ ಖರ್ಚು, ಸ್ಥಳಾಂತರದ ಭತ್ಯ, ಇರಲು ಜಾಗ ಎಂದೆಲ್ಲ ಅದರಲ್ಲಿತ್ತು. 2020ರಲ್ಲಿ ಒಪ್ಪಿಗೆಯಾದ ಕಾರ್ಮಿಕ ಸಂಹಿತೆಯೊಳಗೆ ಅದನ್ನು ಸೇರಿಸಲಾಯಿತು. ಅದೇ 2020ರ ಬೇಸಗೆಯಲ್ಲಿ ದೇಶದ ಹೆದ್ದಾರಿಗಳ ಮೇಲೆ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಊರಿಗೆ ನಡೆದವರನ್ನು ನಾವೆಲ್ಲ ಕಂಡೆವು. ಅವರನ್ನು ಕರೆಸಿಕೊಂಡ ಊರುಗಳಲ್ಲಿ ಅವರಿಗಾಗಿ ಹೊಣೆ ನಿಂತವರು ಎಷ್ಟು ಮಂದಿ?

ಬೆವರಿನ ಕೆಲಸದ ಮಾತು ಹಾಗಾದರೆ ಬಿಳಿಯ ಅಂಗಿಯವರ ಮಾತು ಬೇರೆ ಬಗೆ. ಗಡಿ ತಾಲ್ಲೂಕಿಗೆ ವೈದ್ಯರನ್ನು ತರುವುದು ಭಗೀರಥ ಪ್ರಯತ್ನ. ವೈದ್ಯ ಪದವೀಧರರು ಒಂದು ವರ್ಷ ಕಡ್ಡಾಯವಾಗಿ ಸರ್ಕಾರಿ ಸೇವೆ ಸಲ್ಲಿಸಬೇಕೆಂದು ರಾಜ್ಯ 2012ರಲ್ಲಿ ಶಾಸನ ಮಾಡಿತು. 2023ರ ತಿದ್ದುಪಡಿಯಿಂದ ಆ ಕಡ್ಡಾಯ ಸಡಿಲವಾಯಿತು. ಕಡ್ಡಾಯವಾಗಿ ಬಂದವನು ಬಂದ ದಿನದಿಂದಲೇ ಕ್ಯಾಲೆಂಡರಿನ ಹಾಳೆ ಹರಿಯುತ್ತಾನೆ. ಅವನನ್ನು ದೂರಿ ಫಲವಿಲ್ಲ. ಕಾಲೇಜುಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ನಾಡಿನ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಹೊರೆಯ ದೊಡ್ಡ ಭಾಗವನ್ನು ಹೊತ್ತವರು ಅತಿಥಿ ಉಪನ್ಯಾಸಕರು. ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ ಎಂದು ನಿಘಂಟು ಹೇಳುತ್ತದೆ. ಇವರಿಗೆ ಹೋಗುವ ತಿಥಿಯೂ ಗೊತ್ತಿರುವುದಿಲ್ಲ. ಅತಿಥಿಯನ್ನು ದೇವರೆಂದ ದೇಶದಲ್ಲಿ ಹತ್ತಾರು ವರ್ಷ ಅತಿಥಿಯಾಗಿಯೇ ಇರಬೇಕಾದವರ ಪಾಡು ದೇವರಿಗೇ ಪ್ರೀತಿ.

"ಹೊರಗಿನವರೇಕೆ? ನಮ್ಮವರಿಗೇ ಕೊಡಿ" ಎಂಬ ಕೂಗು ಸಹಜವಾದದ್ದು, ನ್ಯಾಯವಾದದ್ದು. ಆ ಕೂಗಿನ ಫಲವಾಗಿಯೇ 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371ನೆಯ ಜೆ ವಿಧಿ ಸೇರಿ, 2019ರಿಂದ ಕಲ್ಯಾಣ ಕರ್ನಾಟಕವೆನಿಸಿಕೊಂಡ ಈ ಪ್ರದೇಶದ ಮಕ್ಕಳಿಗೆ ಓದಿನಲ್ಲಿಯೂ ಹುದ್ದೆಗಳಲ್ಲಿಯೂ ಮೀಸಲಾತಿ ದೊರೆಯಿತು. ನನ್ನ ಶಿಷ್ಯರಲ್ಲಿ ಅದರಿಂದ ಬದುಕು ಕಂಡವರಿದ್ದಾರೆ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಬರುವವರು ತಯಾರಾಗಿರುವುದಿಲ್ಲ, ತಯಾರು ಮಾಡಬೇಕು. 2024ರ ಜುಲೈಯಲ್ಲಿ ಖಾಸಗಿ ಉದ್ಯಮಗಳಲ್ಲಿಯೂ ಸ್ಥಳೀಯರಿಗೆ ಪಾಲು ಕೊಡುವ ಮಸೂದೆಗೆ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಹುಯಿಲೆಬ್ಬಿಸಿದೊಡನೆ ಎರಡೇ ದಿನದಲ್ಲಿ ತಡೆಹಿಡಿಯಿತು. ಆ ಎರಡು ದಿನ ಬೆಂಗಳೂರಿನ ವಾದಗಳನ್ನು ಓದುವಾಗ ಬಹಮನೀ ದರ್ಬಾರಿನ ದಖನಿ ಆಫಾಕಿಗಳೇ ಹೊಸ ವೇಷದಲ್ಲಿ ಬಂದಂತೆ ತೋರಿತು. ಒಂದು ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ: ಔರಾದಿನ ಹುಡುಗ ಬೆಂಗಳೂರಿನಲ್ಲಿ ಸ್ಥಳೀಯ, ಅದಕ್ಕಿಂತ ಎಷ್ಟೋ ಹತ್ತಿರದ ಹೈದರಾಬಾದಿನಲ್ಲಿ ಪರದೇಶಿ. ಗಡಿಯವನ ಹೊಟ್ಟೆಗೆ ನಕ್ಷೆ ಓದಲು ಬರುವುದಿಲ್ಲ.

ಹಾಗಾದರೆ ದಾರಿ ಯಾವುದು? ದೂರ ಹೋಗಬೇಕಿಲ್ಲ. ಔರಾದ ತಾಲ್ಲೂಕಿನಲ್ಲಿಯೇ ಇದ್ದು ಈಗ ತಾನೇ ತಾಲ್ಲೂಕಾಗಿರುವ ಕಮಲನಗರದಲ್ಲಿ 1890ರಲ್ಲಿ ಹುಟ್ಟಿದವರು ಡಾ. ಚನ್ನಬಸವ ಪಟ್ಟದ್ದೇವರು. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ರಾಜಭಾಷೆ. ಕನ್ನಡ ಕಲಿಯುವ ಶಾಲೆಯಿಲ್ಲದ ಮೇಲೆ ಕನ್ನಡ ಕಲಿಸುವ ಮೇಷ್ಟರು ಎಲ್ಲಿಂದ ಬರಬೇಕು? ಭಾಲ್ಕಿಯ ಆ ಮಠಾಧೀಶರು ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಜೋಳಿಗೆ ಹಿಡಿದು ಬೇಡಿ ಮಕ್ಕಳಿಗೆ ಅನ್ನ ಹಾಕಿ ಓದಿಸಿದರು. 1999ರಲ್ಲಿ ಅವರು ತೀರಿಕೊಂಡಾಗ ಈ ಗಡಿಯಲ್ಲಿ ಕನ್ನಡ ಕಲಿಸುವವರು ಹೊರಗಿನಿಂದ ಬರಬೇಕಾದ ಕಾಲ ಮುಗಿದಿತ್ತು. ಊರಿನ ಮಕ್ಕಳಿಗೇ ಹೊಣೆ ನಿಲ್ಲುವುದೆಂದರೆ ಇದು.

ಈ ಎರಡೂ ಹೊಣೆಗಳು ಒಂದೇ ಗಾಡಿಯ ಎರಡು ಗಾಲಿಗಳು. ಹೊರಗಿನಿಂದ ಕುಶಲರು ಬೇಕಾದಾಗ ಸಂಕೋಚವಿಲ್ಲದೆ ಕರೆಯೋಣ. ಆದರೆ ಕರೆದ ಮೇಲೆ ಅವರಿಗೆ ವಾಸಕ್ಕೆ ಮನೆ, ಮಕ್ಕಳಿಗೆ ಶಾಲೆ, ಸಂಗಾತಿಗೆ ಅದೇ ಊರಿನಲ್ಲಿ ಕೆಲಸ, ಮಾಲೀಕ ಕೈಬಿಟ್ಟರೆ ಕೇಳುವವರೊಬ್ಬರು, ಇರಬೇಕೆನಿಸಿದರೆ ಇರುವ ಹಕ್ಕು ಇವನ್ನು ಕೊಡೋಣ. ಅದರ ಜೊತೆಗೆ ಪ್ರತಿಯೊಬ್ಬ ಕುಶಲಿಯ ಕೈಕೆಳಗೆ ಊರಿನ ಇಬ್ಬರು ಮಕ್ಕಳನ್ನು ಕಲಿಯಲು ಕೂಡಿಸೋಣ. ಗಡಿ ತಾಲ್ಲೂಕಿನ ಮಗುವಿಗೆ ವೈದ್ಯ ಶಿಕ್ಷಣದ ಖರ್ಚನ್ನು ಸಮಾಜವೇ ವಹಿಸಿ, ಮರಳಿ ಬಂದು ಕೆಲಸ ಮಾಡುವ ಮಾತನ್ನು ಮೊದಲೇ ಪಡೆದರೆ, ಆ ಮಗು ಕ್ಯಾಲೆಂಡರಿನ ಹಾಳೆ ಹರಿಯುವುದಿಲ್ಲ. ಅದರ ಅಜ್ಜಿ ಇಲ್ಲಿಯೇ ಇರುತ್ತಾಳೆ.

ಇದನ್ನು ಓದುವ ಎಷ್ಟೋ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಪರದೇಶದಲ್ಲಿದ್ದಾರೆ. ರಾತ್ರಿ ದೂರವಾಣಿಯಲ್ಲಿ ಅವರ ದನಿ ಕೇಳಿದಾಗ ತಾಯಿ ಮೊದಲು ಕೇಳುವುದು ಸಂಬಳವನ್ನಲ್ಲ, "ಅಲ್ಲಿ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೇನಪ್ಪ?" ಎಂದು. ನಿಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡಕ್ಕೆ ಕಂಬಿ ಕಟ್ಟುವ ಹುಡುಗ ಔರಾದಿನ ತಾಂಡಾದವನಿರಬಹುದು, ಬಿಹಾರದವನಿರಬಹುದು. ಅವನ ತಾಯಿಯೂ ಇದೇ ಪ್ರಶ್ನೆ ಕೇಳುತ್ತಾಳೆ. ಅವಳಿಗೆ ಅವನು ಹೇಳುವ ಉತ್ತರ ನಮ್ಮ ಕೈಯಲ್ಲಿದೆ.